ಕೈಗಾರಿಕಾ ಶೀತಲ ಘಟಕಗಳಲ್ಲಿ ಪ್ರೆಶರ್ ರೆಗ್ಯುಲೇಟರ್: ಕೂರಿಸುವವರು, ಸೆಟ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಪ್ಲಾಂಟ್ ನಡೆಸುವವರಿಗೆ, ಹೊಸದಾಗಿ ಈ ಕೆಲಸಕ್ಕೆ ಬಂದ ಮೆಕ್ಯಾನಿಕ್‌ಗಳಿಗೆ. ಬೇರೆ ಹೇಳದಿದ್ದರೆ ಒತ್ತಡದ ಅಂಕಿಗಳೆಲ್ಲ ಗೇಜ್ ತೋರಿಸುವ ಒತ್ತಡ. ತಾಪಮಾನವೆಲ್ಲ ಸೆಲ್ಸಿಯಸ್‌ನಲ್ಲಿದೆ. ನಿಮ್ಮ ವಾಲ್ವ್ ತಯಾರಕರ ಕೈಪಿಡಿ ಇದಕ್ಕಿಂತ ಬೇರೆ ಹೇಳಿದರೆ ಕೈಪಿಡಿಯ ಮಾತೇ ಕೊನೆ.

ರೆಗ್ಯುಲೇಟರ್ ನಿಜವಾಗಿ ಏನು ಮಾಡುತ್ತದೆ?

ತನ್ನ ಒಂದು ಬದಿಯ ಒತ್ತಡವನ್ನು ಹಿಡಿದಿಡುತ್ತದೆ, ಅಷ್ಟೇ. ಯಾವ ಬದಿ ಎನ್ನುವುದರಲ್ಲೇ ಎಲ್ಲ ಇದೆ.

ಎವಾಪೊರೇಟರ್ ಎಂದರೆ ಒಳಗೆ ರೆಫ್ರಿಜರೆಂಟ್ ಕುದಿದು ರೂಮ್ ತಣಿಸುವ ಕಾಯಿಲ್. ಅದರ ಪ್ರೆಶರ್ ರೆಗ್ಯುಲೇಟರ್ ತನ್ನ ಒಳಬರುವ ಬದಿಯನ್ನು ಕಾಯುತ್ತದೆ. ಅಲ್ಲಿ ಒತ್ತಡ ಸೆಟ್ ಮಾಡಿದ್ದಕ್ಕಿಂತ ಏರಿದರೆ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಕಂಡೆನ್ಸರ್ (ಬಿಸಿ ಗ್ಯಾಸ್ ತಣಿದು ದ್ರವವಾಗುವ ಭಾಗ) ಕಡೆಯ ರೆಗ್ಯುಲೇಟರ್ ಕೂಡ ಇದೇ ಜಾತಿ. ಕ್ರ್ಯಾಂಕ್‌ಕೇಸ್ ಪ್ರೆಶರ್ ರೆಗ್ಯುಲೇಟರ್ ಇದಕ್ಕೆ ಉಲ್ಟಾ. ಅದು ಹೊರಹೋಗುವ ಬದಿಯನ್ನು, ಅಂದರೆ ಕಂಪ್ರೆಸರ್‌ಗೆ ಹೋಗುವ ಒತ್ತಡವನ್ನು, ಒಂದು ಮಿತಿ ದಾಟಲು ಬಿಡುವುದಿಲ್ಲ. ಹಾಟ್ ಗ್ಯಾಸ್ (ಕಂಪ್ರೆಸರ್‌ನಿಂದ ಹೊರಬರುವ ಬಿಸಿ ಗ್ಯಾಸ್) ಬೈಪಾಸ್ ವಾಲ್ವ್ ಕೂಡ ಹೊರಬದಿಯದ್ದೇ. ಆದರೆ ಅದು ಸಕ್ಷನ್ ಒತ್ತಡ, ಅಂದರೆ ಕಂಪ್ರೆಸರ್ ಎಳೆಯುವ ಬದಿಯ ಒತ್ತಡ, ತೀರಾ ಇಳಿದಾಗ ತೆರೆದುಕೊಳ್ಳುತ್ತದೆ. ಎರಡು ಬದಿಗಳ ವ್ಯತ್ಯಾಸವನ್ನು ಕಾಯುವ ವಾಲ್ವ್‌ಗಳೂ ಇವೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ನಿಮ್ಮ ಕೈಯಲ್ಲಿರುವುದು ಯಾವ ಬದಿ ಕಾಯುವ ವಾಲ್ವ್ ಎಂದು ಖಚಿತ ಮಾಡಿಕೊಳ್ಳಿ. ತಪ್ಪು ಬದಿಯ ಗೇಜ್ ನೋಡಿಕೊಂಡು ಸ್ಕ್ರೂ ತಿರುಗಿಸುತ್ತಾ ಹೋದರೆ ಇಡೀ ದಿನ ತಿರುಗಿಸಿದರೂ ಸೆಟ್ಟಿಂಗ್ ಸಿಗುವುದಿಲ್ಲ.

ಒಂದೇ ಕಂಪ್ರೆಸರ್‌ಗೆ ಎರಡು ಬೇರೆ ಬೇರೆ ತಾಪಮಾನದ ರೂಮ್‌ಗಳಿವೆ. ರೆಗ್ಯುಲೇಟರ್ ಯಾವುದಕ್ಕೆ ಹಾಕಬೇಕು?

ಬೆಚ್ಚಗಿರುವ ರೂಮ್‌ಗೆ. ಲೆಕ್ಕ ಹಾಕಿ ನೋಡೋಣ. ಅಮೋನಿಯಾ ಪ್ಲಾಂಟ್, ಒಂದು ರೂಮ್ 2 ಡಿಗ್ರಿ, ಇನ್ನೊಂದು ಮೈನಸ್ 20. ರೂಮ್‌ನ ಗಾಳಿಗಿಂತ ಕಾಯಿಲ್ 8 ಡಿಗ್ರಿ ತಣ್ಣಗಿರಬೇಕು ಎಂದುಕೊಳ್ಳಿ. ಮೊದಲ ರೂಮ್‌ನ ಅಮೋನಿಯಾ ಮೈನಸ್ 6 ಡಿಗ್ರಿಯಲ್ಲಿ ಕುದಿಯಬೇಕು, ಅಂದರೆ ಸುಮಾರು 2.4 ಬಾರ್. ಎರಡನೆಯದರಲ್ಲಿ ಮೈನಸ್ 28, ಅಂದರೆ ಸುಮಾರು 0.3 ಬಾರ್. ಕಂಪ್ರೆಸರ್ 0.3 ಬಾರ್‌ಗೇ ಎಳೆಯಬೇಕು, ಬೇರೆ ದಾರಿ ಇಲ್ಲ. ರೆಗ್ಯುಲೇಟರ್ ಇಲ್ಲದಿದ್ದರೆ ಬೆಚ್ಚಗಿನ ರೂಮ್‌ನ ಕಾಯಿಲ್ ಕೂಡ ಅಷ್ಟೇ ತಣ್ಣಗಾಗುತ್ತದೆ. ಮಂಜುಗಡ್ಡೆ ಕಟ್ಟುತ್ತದೆ, ಗಾಳಿಯ ತೇವ ಎಲ್ಲ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ, ಒಳಗಿಟ್ಟ ಸರಕು ಒಣಗುತ್ತದೆ.

ಹಾಗಾಗಿ ಬೆಚ್ಚಗಿನ ರೂಮ್‌ನ ಸಕ್ಷನ್ ಲೈನ್‌ನಲ್ಲಿ, ಸಾಮಾನ್ಯ ಲೈನ್‌ಗೆ ಸೇರುವ ಮುಂಚೆ, ರೆಗ್ಯುಲೇಟರ್ ಬರಬೇಕು. ತಣ್ಣನೆಯ ರೂಮ್‌ನ ಲೈನ್‌ಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕಂಪ್ರೆಸರ್ ನಿಂತಾಗ ಬೆಚ್ಚಗಿನ ಕಡೆಯ ಗ್ಯಾಸ್ ಬಂದು ತಣ್ಣನೆಯ ಕಾಯಿಲ್‌ನಲ್ಲಿ ದ್ರವವಾಗಿ ತುಂಬಿಕೊಳ್ಳುತ್ತದೆ.

ಇದಕ್ಕೆ ಬೆಲೆ ತೆರಬೇಕು ಅನ್ನೋದನ್ನೂ ಹೇಳಬೇಕು. 2.4 ಬಾರ್‌ನ ಗ್ಯಾಸ್ ಅನ್ನು 0.3ಕ್ಕೆ ಇಳಿಸಿ ಮತ್ತೆ ಅದನ್ನೇ ಒತ್ತಿ ಏರಿಸುವುದಕ್ಕೆ ವಿದ್ಯುತ್ ಖರ್ಚಾಗುತ್ತದೆ. ಬೆಚ್ಚಗಿನ ರೂಮ್‌ನ ಲೋಡ್ ದೊಡ್ಡದಾಗಿದ್ದರೆ ಅದಕ್ಕೆ ಬೇರೆಯದೇ ಸಕ್ಷನ್ ಲೈನ್, ಬೇರೆ ಕಂಪ್ರೆಸರ್ ಕೊಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಪೈಪ್ ಎಷ್ಟು ದಪ್ಪವೋ ಅಷ್ಟೇ ಸೈಜಿನ ವಾಲ್ವ್ ತಂದರೆ ಸಾಲದೇ?

ಸಾಲದು. ವಾಲ್ವ್ ಸೈಜ್ ನೋಡಬೇಕಾದ್ದು ಲೋಡ್, ರೆಫ್ರಿಜರೆಂಟ್, ಒತ್ತಡ ಮತ್ತು ವಾಲ್ವ್‌ನಲ್ಲಿ ಎಷ್ಟು ಒತ್ತಡ ಕಳೆದುಕೊಳ್ಳಬಹುದು ಎನ್ನುವುದರ ಮೇಲೆ. ಪೈಪ್‌ಗಿಂತ ಒಂದು ಸೈಜ್ ಚಿಕ್ಕ ವಾಲ್ವ್ ಬಂದರೆ ಗಾಬರಿ ಬೇಡ, ರಿಡ್ಯೂಸರ್ ಹಾಕಿ.

ಚಿಕ್ಕದಾದರೆ ಲೋಡ್ ಜಾಸ್ತಿಯಾದಾಗ ರೂಮ್ ತಣಿಯುವುದಿಲ್ಲ, ಅದು ಬೇಗ ಗೊತ್ತಾಗುತ್ತದೆ. ದೊಡ್ಡದಾದರೆ ತೊಂದರೆ ನಿಧಾನವಾಗಿ ಕಾಣುತ್ತದೆ. ವಾಲ್ವ್ ಯಾವಾಗಲೂ ಸೀಟ್ (ಅದು ಕೂತು ದಾರಿ ಮುಚ್ಚುವ ಜಾಗ) ಹತ್ತಿರವೇ ಒಂದು ಸಣ್ಣ ಸಂದಿಯಲ್ಲಿ ಆಡುತ್ತಿರುತ್ತದೆ. ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಸೀಟ್ ಸವೆಯುತ್ತದೆ, ಗೇಜ್ ಮುಳ್ಳು ಕುಣಿಯುತ್ತದೆ. ಪೂರ್ತಿ ಲೋಡ್ ಜೊತೆಗೆ ಅತಿ ಕಡಿಮೆ ಲೋಡ್ ಎಷ್ಟು ಎಂದೂ ಆರ್ಡರ್ ಕೊಡುವಾಗ ತಿಳಿಸಿ.

ಪೈಲಟ್ ಇರುವ ವಾಲ್ವ್‌ಗೂ ನೇರವಾಗಿ ಕೆಲಸ ಮಾಡುವ ವಾಲ್ವ್‌ಗೂ ಏನು ವ್ಯತ್ಯಾಸ?

ನೇರ ವಾಲ್ವ್‌ನಲ್ಲಿ ಸ್ಪ್ರಿಂಗ್ ಒಂದು ಕಡೆ, ಗ್ಯಾಸ್ ಒತ್ತಡ ಇನ್ನೊಂದು ಕಡೆ. ಸರಳ, ಅಗ್ಗ. ಆದರೆ ಸ್ವಲ್ಪ ತೆರೆಯುವುದಕ್ಕೂ ಪೂರ್ತಿ ತೆರೆಯುವುದಕ್ಕೂ ನಡುವೆ ಒತ್ತಡದ ಅಂತರ ದೊಡ್ಡದು. ಲೋಡ್ ಬದಲಾದಂತೆ ಒತ್ತಡವೂ ಸ್ವಲ್ಪ ಬದಲಾಗುತ್ತದೆ. ಸಣ್ಣ ಘಟಕಗಳಿಗೆ ಇದು ಸಾಕು.

ಪೈಲಟ್ ವಾಲ್ವ್‌ನಲ್ಲಿ ಒಂದು ಸಣ್ಣ ವಾಲ್ವ್ ಒತ್ತಡವನ್ನು ಗಮನಿಸುತ್ತದೆ. ಅದು ತೆರೆದಾಗ ಗ್ಯಾಸ್ ಪಿಸ್ಟನ್ ಮೇಲೆ ಬಂದು ದೊಡ್ಡ ವಾಲ್ವ್ ಅನ್ನು ತಳ್ಳಿ ತೆರೆಸುತ್ತದೆ. ನಿಖರತೆ ಜಾಸ್ತಿ. ಆದರೆ ಪಿಸ್ಟನ್ ಅಲುಗಾಡಲು ವಾಲ್ವ್‌ನ ಎರಡು ಬದಿಗಳ ನಡುವೆ ಒಂದಿಷ್ಟು ಒತ್ತಡದ ವ್ಯತ್ಯಾಸ ಬೇಕೇ ಬೇಕು. ಪೂರ್ತಿ ತೆರೆಯಲು ಸಾಮಾನ್ಯವಾಗಿ 0.15ರಿಂದ 0.2 ಬಾರ್.

ಕಡಿಮೆ ತಾಪಮಾನದಲ್ಲಿ ಈ 0.2 ಬಾರ್ ತುಂಬಾ ದುಬಾರಿ. ಅಮೋನಿಯಾ ಮೈನಸ್ 6ರಲ್ಲಿ ಕುದಿಯುತ್ತಿದ್ದರೆ 0.2 ಬಾರ್ ನಷ್ಟ ಎಂದರೆ ಒಂದೂವರೆ ಡಿಗ್ರಿಯ ನಷ್ಟ, ತಡೆದುಕೊಳ್ಳಬಹುದು. ಮೈನಸ್ 40ರಲ್ಲಿ ಅಮೋನಿಯಾದ ಒಟ್ಟು ಒತ್ತಡವೇ ಸುಮಾರು 0.72 ಬಾರ್ ಅಬ್ಸಲ್ಯೂಟ್ (ಸುತ್ತಲಿನ ಗಾಳಿಯ ಒತ್ತಡವನ್ನೂ ಸೇರಿಸಿದ ಲೆಕ್ಕ), ಅಂದರೆ ಅದು ವ್ಯಾಕ್ಯೂಮ್‌ನಲ್ಲಿದೆ. ಅದರಲ್ಲಿ 0.2 ಹೋದರೆ ಕಂಪ್ರೆಸರ್ ಹತ್ತಿರ ಹತ್ತಿರ ಮೈನಸ್ 46ರ ಒತ್ತಡದಲ್ಲಿ ಎಳೆಯಬೇಕು. ಅಂಥ ಕಡೆ ಹಾಟ್ ಗ್ಯಾಸ್‌ನಂಥ ಹೊರಗಿನ ಒತ್ತಡದಿಂದ ತೆರೆಯುವ ವಾಲ್ವ್ ಅಥವಾ ಮೋಟಾರ್ ವಾಲ್ವ್ ಆರಿಸಿ.

ಕೂರಿಸುವ ಮುನ್ನ, ವೆಲ್ಡಿಂಗ್ ಮಾಡುವಾಗ ಏನು ನೋಡಬೇಕು?

ಮೊದಲು ಲೋಹ. ಅಮೋನಿಯಾಕ್ಕೆ ತಾಮ್ರ, ಹಿತ್ತಾಳೆ ಆಗದು. ಬೇರೆ ರೆಫ್ರಿಜರೆಂಟ್‌ಗೆಂದು ಬಂದ ವಾಲ್ವ್ ಸ್ಟೋರ್‌ನಲ್ಲಿದೆ ಎಂದು ತಂದು ಹಾಕಬೇಡಿ. ಗ್ಯಾಸ್ಕೆಟ್, ಓ ರಿಂಗ್ ಕೂಡ ಆ ರೆಫ್ರಿಜರೆಂಟ್‌ಗೆ, ಆ ಎಣ್ಣೆಗೆ ಒಪ್ಪಬೇಕು.

ಪೈಪ್‌ಗೆ ವೆಲ್ಡ್ ಆಗುವ ವಾಲ್ವ್ ಆದರೆ ಮೇಲಿನ ಮುಚ್ಚಳ ಬಿಚ್ಚಿ ಪಿಸ್ಟನ್, ಸೀಟ್, ಪೈಲಟ್, ಗ್ಯಾಸ್ಕೆಟ್ ಎಲ್ಲ ಹೊರತೆಗೆದು ಬರಿ ಬಾಡಿಯನ್ನು ವೆಲ್ಡ್ ಮಾಡಿ. ತೆಗೆದ ಭಾಗಗಳನ್ನು ಸ್ವಚ್ಛ ಚೀಲದಲ್ಲಿ ಕಟ್ಟಿಡಿ, ನೆಲದ ಮೇಲೆ ಇಡಬೇಡಿ. ಬಿಚ್ಚಬೇಕಿಲ್ಲ ಎಂದು ತಯಾರಕರು ಬರೆದುಕೊಟ್ಟಿದ್ದರೆ ಮಾತ್ರ ಬಿಚ್ಚದೆ ಮಾಡಬಹುದು. ಬ್ರೇಜಿಂಗ್ ಮಾಡುವ ಸಣ್ಣ ವಾಲ್ವ್‌ಗೆ ಒದ್ದೆ ಬಟ್ಟೆ ಸುತ್ತಿ, ಜ್ವಾಲೆಯನ್ನು ಬಾಡಿಯಿಂದ ಆಚೆಗೆ ತಿರುಗಿಸಿ, ಪೈಪ್ ಒಳಗೆ ಸಣ್ಣಗೆ ನೈಟ್ರೋಜನ್ ಹರಿಯಲು ಬಿಡಿ. ನೈಟ್ರೋಜನ್ ಇಲ್ಲದಿದ್ದರೆ ಒಳಗೆ ಕಪ್ಪು ಪುಡಿ ಕಟ್ಟುತ್ತದೆ. ಆ ಪುಡಿ ಮೊದಲು ಸೇರುವುದೇ ಪೈಲಟ್‌ನ ಸಣ್ಣ ತೂತಿಗೆ.

ಪೈಪ್ ಪೂರ್ತಿ ಊದಿ ಸ್ವಚ್ಛ ಮಾಡಿದ ಮೇಲಷ್ಟೇ ಒಳಭಾಗಗಳನ್ನು ಜೋಡಿಸಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ವಾಲ್ವ್ ಅನ್ನು ಅಡ್ಡ ಹಾಕಬಹುದಾ?

ಬಾಡಿ ಮೇಲಿನ ಬಾಣ ಗ್ಯಾಸ್ ಹರಿಯುವ ದಿಕ್ಕಿಗಿರಬೇಕು, ಇದರಲ್ಲಿ ರಾಜಿ ಇಲ್ಲ. ಪೈಲಟ್ ಇರುವ ದೊಡ್ಡ ವಾಲ್ವ್ ಮಲಗಿದ ಪೈಪ್‌ನಲ್ಲಿ, ಮುಚ್ಚಳ ಮೇಲ್ಮುಖವಾಗಿ ಕೂತರೆ ಒಳ್ಳೆಯದು. ತಲೆಕೆಳಗೆ ಕೂರಿಸಿದರೆ ಎಣ್ಣೆ, ಕೊಳೆ ಪೈಲಟ್‌ನಲ್ಲಿ ಸೇರುತ್ತದೆ. ಸ್ಕ್ರೂಗೆ ಕೈ ಹೋಗುವಷ್ಟು, ಪಿಸ್ಟನ್ ಮೇಲಕ್ಕೆ ಎಳೆದು ತೆಗೆಯುವಷ್ಟು ಜಾಗ ಬಿಡಿ. ಇನ್ಸುಲೇಷನ್ ಹಾಕುವವರಿಗೂ ಮೊದಲೇ ಹೇಳಿಡಿ. ಸ್ಕ್ರೂ, ಗೇಜ್ ಪಾಯಿಂಟ್ ಫೋಮ್ ಒಳಗೆ ಮುಚ್ಚಿಹೋದರೆ ಆಮೇಲೆ ಯಾರೂ ಮುಟ್ಟುವುದಿಲ್ಲ.

ಸ್ಟ್ರೇನರ್ ಇಲ್ಲದೆ ನಡೆಯುವುದಿಲ್ಲವೇ?

ನಡೆಯುತ್ತದೆ, ಕೆಲವು ವಾರ. ಪ್ರತಿ ರೆಗ್ಯುಲೇಟರ್‌ಗೆ ಗ್ಯಾಸ್ ಒಳಬರುವ ಬದಿಯಲ್ಲಿ ಸ್ಟ್ರೇನರ್ (ಕೊಳೆ ಹಿಡಿಯುವ ಜಾಲರಿ) ಇರಲಿ. ಹೊಸ ಪ್ಲಾಂಟ್‌ನಲ್ಲಿ ಶುರುವಿನ ದಿನಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಕೊಳೆ ಹಿಡಿದ ಮೇಲೆ ಅದನ್ನು ತೆಗೆಯಿರಿ. ತೆಗೆಯಲು ಮರೆತರೆ ಅದೇ ಕಟ್ಟಿಕೊಂಡು ಒತ್ತಡ ತಿನ್ನುತ್ತದೆ.

ಲೀಕ್ ಟೆಸ್ಟ್, ವ್ಯಾಕ್ಯೂಮ್ ಸಮಯದಲ್ಲಿ ರೆಗ್ಯುಲೇಟರ್ ಹೇಗಿರಬೇಕು?

ಪೂರ್ತಿ ತೆರೆದಿರಬೇಕು. ವ್ಯಾಕ್ಯೂಮ್ ಎಳೆಯುವಾಗ ಒತ್ತಡವೇ ಇರುವುದಿಲ್ಲ. ಹಾಗಾಗಿ ಒಳಬದಿ ಕಾಯುವ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಅದರ ಹಿಂದಿನ ಗಾಳಿ ಮತ್ತು ತೇವ ಅಲ್ಲೇ ಉಳಿಯುತ್ತದೆ. ಕೈಯಿಂದ ತೆರೆಯುವ ಸ್ಪಿಂಡಲ್ ಇದ್ದರೆ ಅದನ್ನು ತೆರೆದಿಡಿ. ಇಲ್ಲದಿದ್ದರೆ ಎರಡೂ ಬದಿಯಿಂದ ವ್ಯಾಕ್ಯೂಮ್ ಎಳೆಯಿರಿ. ಕೆಲಸ ಮುಗಿದ ಮೇಲೆ ಸ್ಪಿಂಡಲ್ ವಾಪಸ್ ಹಾಕುವುದು ನೆನಪಿರಲಿ. "ಹೊಸ ವಾಲ್ವ್, ಆದರೆ ಒತ್ತಡ ಹಿಡಿಯುತ್ತಿಲ್ಲ" ಎಂಬ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಅದು.

ಟೆಸ್ಟ್‌ಗೆ ಒಣ ನೈಟ್ರೋಜನ್ ಮಾತ್ರ ಬಳಸಿ. ಆಕ್ಸಿಜನ್ ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಬೆಲ್ಲೋಸ್ ಇರುವ ಸಣ್ಣ ವಾಲ್ವ್‌ಗಳು ತಡೆಯುವ ಟೆಸ್ಟ್ ಒತ್ತಡಕ್ಕೆ ಮಿತಿ ಇರುತ್ತದೆ, ಲೇಬಲ್ ನೋಡಿ.

ಎವಾಪೊರೇಟರ್ ರೆಗ್ಯುಲೇಟರ್ ಸೆಟ್ ಮಾಡುವುದು ಹೇಗೆ?

ಎಷ್ಟಕ್ಕೆ ಸೆಟ್ ಮಾಡಬೇಕು ಎಂದು ಮೊದಲು ಕಾಗದದ ಮೇಲೆ ಬರೆಯಿರಿ. ರೂಮ್ ತಾಪಮಾನದಿಂದ ಕಾಯಿಲ್‌ಗೆ ಬೇಕಾದ ವ್ಯತ್ಯಾಸ ಕಳೆಯಿರಿ. ಸಿಕ್ಕ ತಾಪಮಾನಕ್ಕೆ ತಕ್ಕ ಒತ್ತಡವನ್ನು ಆ ರೆಫ್ರಿಜರೆಂಟ್‌ನ ಟೇಬಲ್‌ನಲ್ಲಿ ಹುಡುಕಿ. ಟೇಬಲ್ ಅಬ್ಸಲ್ಯೂಟ್ ಒತ್ತಡ ಕೊಡುತ್ತದೋ ಗೇಜ್ ಒತ್ತಡವೋ ನೋಡಿಕೊಳ್ಳಿ. ಎರಡಕ್ಕೂ ಸುಮಾರು 1 ಬಾರ್ ವ್ಯತ್ಯಾಸ. ಆ ಗೊಂದಲದಲ್ಲಿ ಸೆಟ್ ಮಾಡಿದ ಅಮೋನಿಯಾ ಕಾಯಿಲ್ ಏಳೆಂಟು ಡಿಗ್ರಿ ತಪ್ಪಾಗುತ್ತದೆ.

ನಂಬಬಹುದಾದ ಗೇಜ್ ಅನ್ನು ವಾಲ್ವ್‌ನ ಒಳಬರುವ ಬದಿಗೆ ಹಾಕಿ. ಪ್ಲಾಂಟ್ ಸಾಮಾನ್ಯ ಲೋಡ್‌ನಲ್ಲಿ ಓಡುತ್ತಿರಲಿ. ಫ್ಯಾನ್‌ಗಳು ತಿರುಗುತ್ತಿರಲಿ, ಕಾಯಿಲ್ ಮೇಲೆ ಮಂಜುಗಡ್ಡೆ ಇರಬಾರದು, ದ್ರವ ಸರಿಯಾಗಿ ಬರುತ್ತಿರಬೇಕು. ಡಿಫ್ರಾಸ್ಟ್ (ಕಾಯಿಲ್ ಮೇಲಿನ ಮಂಜು ಕರಗಿಸುವುದು) ಆದ ತಕ್ಷಣ, ಬಾಗಿಲು ತೆರೆದು ಸರಕು ತುಂಬುವಾಗ ಸೆಟ್ ಮಾಡಿದ್ದು ನಿಲ್ಲುವುದಿಲ್ಲ. ವಾಲ್ವ್‌ನ ಆಚೆ ಬದಿಯ ಒತ್ತಡ ನೀವು ಹಿಡಿಯಬೇಕೆಂದಿರುವ ಒತ್ತಡಕ್ಕಿಂತ ಸಾಕಷ್ಟು ಕೆಳಗಿದೆ ಎಂದೂ ನೋಡಿ. ಸಕ್ಷನ್ ಲೈನೇ ಮೇಲಿದ್ದರೆ ವಾಲ್ವ್ ಪೂರ್ತಿ ತೆರೆದು ಸುಮ್ನೆ ನಿಂತಿರುತ್ತದೆ, ಸ್ಕ್ರೂ ತಿರುಗಿಸಿದರೂ ಏನೂ ಆಗುವುದಿಲ್ಲ.

ಕ್ಯಾಪ್ ತೆಗೆದು, ಲಾಕ್ ನಟ್ ಸಡಿಲಿಸಿ, ಕಾಲು ಸುತ್ತು ತಿರುಗಿಸಿ. ನಂತರ ಕೈ ತೆಗೆದು ಕಾಯಿರಿ. ದೊಡ್ಡ ಕಾಯಿಲ್ ಹೊಸ ಒತ್ತಡಕ್ಕೆ ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಬೇಕು. ಈ ಕಾಯುವಿಕೆಯನ್ನು ಬಿಟ್ಟವರು ಸ್ಕ್ರೂ ಅತ್ತ ಇತ್ತ ತಿರುಗಿಸುತ್ತಲೇ ಇರುತ್ತಾರೆ. ನಿಂತ ಮೇಲೆ ಮತ್ತೆ ಕಾಲು ಸುತ್ತು. ಬೇಕಾದ ಒತ್ತಡ ಬಂದ ಮೇಲೆ ಲಾಕ್ ನಟ್ ಬಿಗಿ ಮಾಡಿ ಮತ್ತೊಮ್ಮೆ ಗೇಜ್ ನೋಡಿ. ನಟ್ ಬಿಗಿಯುವಾಗ ಸ್ಕ್ರೂ ಸ್ವಲ್ಪ ತಿರುಗುವುದುಂಟು. ಕ್ಯಾಪ್ ಹಾಕಲು ಮರೆಯಬೇಡಿ. ಸ್ಕ್ರೂ ಸುತ್ತ ಗ್ಯಾಸ್ ಸೋರಿದರೆ ತಡೆಯುವುದು ಅದೇ.

ಯಾವ ಕಡೆ ತಿರುಗಿಸಿದರೆ ಒತ್ತಡ ಜಾಸ್ತಿ?

ಹೆಚ್ಚಿನ ವಾಲ್ವ್‌ಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಸೆಟ್ಟಿಂಗ್ ಏರುತ್ತದೆ. ಆದರೂ ಕೈಪಿಡಿ ನೋಡಿ.

ಒತ್ತಡ ಸರಿಯಾಗಿದೆ, ಆದರೂ ರೂಮ್ ತಣಿಯುತ್ತಿಲ್ಲ. ಸೆಟ್ಟಿಂಗ್ ಇಳಿಸಲಾ?

ಬೇಡ, ಮೊದಲು ಕಾಯಿಲ್ ನೋಡಿ. ಒತ್ತಡ ಹೇಳಿದಷ್ಟೇ ಇದೆ ಎಂದರೆ ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿದೆ. ಕಾಯಿಲ್ ಮೇಲೆ ಮಂಜು, ನಿಂತ ಫ್ಯಾನ್, ಕಾಯಿಲ್ ಒಳಗೆ ಸೇರಿದ ಎಣ್ಣೆ, ದ್ರವ ಸಾಲದಿರುವುದು, ಮುಚ್ಚದ ಬಾಗಿಲು, ಇವುಗಳಲ್ಲಿ ಒಂದು ಸಿಗುತ್ತದೆ. ಅವನ್ನು ಬಿಟ್ಟು ಸೆಟ್ಟಿಂಗ್ ಇಳಿಸಿದರೆ ಕಾಯಿಲ್ ಇನ್ನಷ್ಟು ತಣ್ಣಗಾಗಿ ಮಂಜು ಇನ್ನೂ ಬೇಗ ಕಟ್ಟುತ್ತದೆ.

ಕ್ರ್ಯಾಂಕ್‌ಕೇಸ್ ರೆಗ್ಯುಲೇಟರ್ ಯಾಕೆ ಬೇಕು? ಯಾವಾಗ ಸೆಟ್ ಮಾಡಬೇಕು?

ಡಿಫ್ರಾಸ್ಟ್ ಮುಗಿದಾಗ ಅಥವಾ ಬೆಚ್ಚಗಿನ ರೂಮ್ ಮೊದಲ ಸಲ ತಣಿಸುವಾಗ ಸಕ್ಷನ್ ಒತ್ತಡ ತುಂಬಾ ಮೇಲಿರುತ್ತದೆ. ಅಷ್ಟು ದಟ್ಟ ಗ್ಯಾಸ್ ಎಳೆದರೆ ಮೋಟಾರ್ ಮೇಲೆ ಹೊರೆ ಬಿದ್ದು ಓವರ್‌ಲೋಡ್ ಟ್ರಿಪ್ ಆಗುತ್ತದೆ. ಈ ವಾಲ್ವ್ ಒತ್ತಡವನ್ನು ಮಿತಿಯಲ್ಲಿಟ್ಟು ಕಂಪ್ರೆಸರ್‌ಗೆ ಕೊಡುತ್ತದೆ.

ಒತ್ತಡ ಮೇಲಿರುವಾಗಲೇ ಇದನ್ನು ಸೆಟ್ ಮಾಡಬೇಕು. ರೂಮ್ ತಣಿದ ಮೇಲೆ ವಾಲ್ವ್ ಪೂರ್ತಿ ತೆರೆದಿರುತ್ತದೆ, ಆಗ ಸ್ಕ್ರೂ ತಿರುಗಿಸಿದ ಪರಿಣಾಮ ಕಾಣುವುದಿಲ್ಲ. ಗೇಜ್ ಅನ್ನು ವಾಲ್ವ್ ಮತ್ತು ಕಂಪ್ರೆಸರ್ ನಡುವೆ ಹಾಕಿ, ಮೋಟಾರ್ ವೈರ್‌ಗೆ ಕ್ಲಾಂಪ್ ಮೀಟರ್ ಹಿಡಿಯಿರಿ. ಕಂಪ್ರೆಸರ್ ತಯಾರಕರು ಕೊಟ್ಟ ಗರಿಷ್ಠ ಸಕ್ಷನ್ ಒತ್ತಡ, ಮೋಟಾರ್ ಪ್ಲೇಟ್ ಮೇಲಿನ ಆಂಪಿಯರ್, ಎರಡನ್ನೂ ದಾಟದಂತೆ ಸೆಟ್ ಮಾಡಿ. ಸುರಕ್ಷಿತ ಎಂದು ತೀರಾ ಕೆಳಗೆ ಇಟ್ಟರೆ ರೂಮ್ ತಣಿಯಲು ಗಂಟೆಗಟ್ಟಲೆ ಜಾಸ್ತಿ ಹಿಡಿಯುತ್ತದೆ.

ಚಳಿಯಲ್ಲಿ ಕಂಡೆನ್ಸರ್ ಒತ್ತಡ ಇಳಿಯುವುದು ಒಳ್ಳೆಯದೇ ಅಲ್ವಾ?

ಒಂದು ಮಟ್ಟದವರೆಗೆ ಖಂಡಿತ ಒಳ್ಳೆಯದು, ವಿದ್ಯುತ್ ಉಳಿಯುತ್ತದೆ. ಆದರೆ ಎಕ್ಸ್‌ಪಾನ್ಶನ್ ವಾಲ್ವ್ (ಕಾಯಿಲ್‌ಗೆ ದ್ರವ ಬಿಡುವ ವಾಲ್ವ್) ಮೂಲಕ ದ್ರವವನ್ನು ತಳ್ಳಲು ಒತ್ತಡದ ವ್ಯತ್ಯಾಸ ಬೇಕು. ಹಾಟ್ ಗ್ಯಾಸ್ ಡಿಫ್ರಾಸ್ಟ್‌ಗೂ ಬೇಕು. ಅದಕ್ಕಿಂತ ಕೆಳಗೆ ಇಳಿಯಬಾರದು. ಮೊದಲು ಫ್ಯಾನ್ ವೇಗ ಇಳಿಸಿ ನೋಡಿ. ಅದು ಸಾಲದಿದ್ದರೆ ಕಂಡೆನ್ಸರ್ ರೆಗ್ಯುಲೇಟರ್. ಅದು ಕಂಡೆನ್ಸರ್ ಒಳಗೆ ದ್ರವ ನಿಲ್ಲಿಸಿ ಕೆಲಸ ಮಾಡುವುದರಿಂದ ಜಾಸ್ತಿ ರೆಫ್ರಿಜರೆಂಟ್ ಬೇಕು. ಬೇಸಿಗೆಯಲ್ಲಿ ಆ ಹೆಚ್ಚುವರಿ ಹಿಡಿಸುವಷ್ಟು ದೊಡ್ಡ ರಿಸೀವರ್ (ದ್ರವ ಶೇಖರಿಸುವ ಟ್ಯಾಂಕ್) ಕೂಡ ಬೇಕು.

ಹಾಟ್ ಗ್ಯಾಸ್ ಡಿಫ್ರಾಸ್ಟ್‌ನ ರೆಗ್ಯುಲೇಟರ್ ಎಷ್ಟಕ್ಕೆ ಇಡಬೇಕು?

ಅಮೋನಿಯಾ ಕಾಯಿಲ್‌ನಿಂದ ಹೊರಗೆ ಬಿಡುವ ಡಿಫ್ರಾಸ್ಟ್ ರೆಗ್ಯುಲೇಟರ್‌ಗೆ ಸುಮಾರು 5 ಬಾರ್ ಸಾಮಾನ್ಯ. ಆ ಒತ್ತಡದಲ್ಲಿ ಕಾಯಿಲ್ ಒಳಗೆ ಅಮೋನಿಯಾ 9–10 ಡಿಗ್ರಿಯಲ್ಲಿ ದ್ರವವಾಗುತ್ತದೆ, ಮಂಜು ಕರಗಿಸಲು ಅಷ್ಟು ಸಾಕು. ಜಾಸ್ತಿ ಇಟ್ಟರೆ ಬೇಗ ಕರಗುತ್ತದೆ ಎನ್ನುವುದು ತಪ್ಪು ನಂಬಿಕೆ. ರೂಮ್‌ಗೆ ಸುಮ್ನೆ ಶಾಖ, ಹಬೆ ಹೋಗುತ್ತದೆ ಅಷ್ಟೇ.

ಇಲ್ಲಿ ಅಂಕಿಗಿಂತ ಮುಖ್ಯ ಕ್ರಮ. ಮೊದಲು ದ್ರವ ಬರುವುದನ್ನು ನಿಲ್ಲಿಸಿ ಕಾಯಿಲ್‌ನಲ್ಲಿ ಇರುವುದನ್ನು ಕುದಿಸಿ ಖಾಲಿ ಮಾಡಬೇಕು. ನಂತರ ಸಕ್ಷನ್ ಮುಚ್ಚಬೇಕು. ಹಾಟ್ ಗ್ಯಾಸ್ ಅನ್ನು ಮೆಲ್ಲಗೆ, ಮೊದಲು ಸಣ್ಣ ವಾಲ್ವ್‌ನಿಂದ ಬಿಡಬೇಕು. ಮುಗಿದ ಮೇಲೆ ಕಾಯಿಲ್ ಒತ್ತಡವನ್ನು ಸಣ್ಣ ದಾರಿಯಲ್ಲಿ ಇಳಿಸಿ, ಆಮೇಲಷ್ಟೇ ದೊಡ್ಡ ಸಕ್ಷನ್ ವಾಲ್ವ್ ತೆರೆಯಬೇಕು. ಹಾಟ್ ಗ್ಯಾಸ್ ಲೈನ್‌ನಲ್ಲಿ ದ್ರವ ನಿಲ್ಲದಂತೆ ಡ್ರೈನ್ ಇರಬೇಕು. ಈ ಕ್ರಮ ತಪ್ಪಿದರೆ ಗ್ಯಾಸ್ ಮುಂದಿನ ದ್ರವವನ್ನು ಭಾರಿ ವೇಗದಲ್ಲಿ ತಳ್ಳಿ ಪೈಪ್‌ನ ತುದಿಗೆ ಗುದ್ದಿಸುತ್ತದೆ.

2010ರ ಆಗಸ್ಟ್ 23ರಂದು ಅಮೆರಿಕದ ಅಲಬಾಮ ರಾಜ್ಯದ ಥಿಯೊಡೋರ್‌ನಲ್ಲಿ ಹೀಗೇ ಆಯಿತು. ಕರೆಂಟ್ ಹೋಗಿ ಬಂದ ಮೇಲೆ ಕಂಟ್ರೋಲ್ ಸಿಸ್ಟಮ್ ರೀಸೆಟ್ ಮಾಡಿದ್ದರಿಂದ ಡಿಫ್ರಾಸ್ಟ್ ನಡುವೆಯೇ ಇದ್ದ ಕಾಯಿಲ್ ನೇರ ಕೂಲಿಂಗ್‌ಗೆ ಹೊರಳಿತು. ಒತ್ತಡ ಇಳಿಸುವ ಹಂತ ತಪ್ಪಿಹೋಯಿತು. ಮಾಳಿಗೆ ಮೇಲಿನ 12 ಇಂಚಿನ ಸಕ್ಷನ್ ಪೈಪ್ ಒಡೆದು 32,000 ಪೌಂಡ್‌ಗಿಂತ ಹೆಚ್ಚು, ಅಂದರೆ ಸುಮಾರು 14.5 ಟನ್ ಅಮೋನಿಯಾ ಹೊರಬಂತು. ನೂರಕ್ಕೂ ಹೆಚ್ಚು ಜನ ಅದನ್ನು ಉಸಿರಾಡಿದರು, ಹಲವರು ಆಸ್ಪತ್ರೆ ಸೇರಿದರು. ಡಿಫ್ರಾಸ್ಟ್ ಮಧ್ಯೆ ಕರೆಂಟ್ ಹೋದರೆ ನಿಮ್ಮ ಕಂಟ್ರೋಲ್ ಎಲ್ಲಿಂದ ಶುರು ಮಾಡುತ್ತದೆ ಎಂದು ಇವತ್ತೇ ನೋಡಿ.

ಗೇಜ್ ಮುಳ್ಳು ಒಂದೇ ಸಮನೆ ಏರಿಳಿಯುತ್ತಿದೆ. ಏನು ಕಾರಣ?

ವಾಲ್ವ್ ದೊಡ್ಡದಾಗಿರಬಹುದು. ಎಕ್ಸ್‌ಪಾನ್ಶನ್ ವಾಲ್ವ್ ಜೊತೆ ಜಗಳವಾಡುತ್ತಿರಬಹುದು. ಒಂದು ತೆರೆದಾಗ ಇನ್ನೊಂದು ಮುಚ್ಚಿ, ಅದಕ್ಕೆ ಇದು ಪ್ರತಿಕ್ರಿಯಿಸುತ್ತಾ ಸುತ್ತು ಹೊಡೆಯುತ್ತವೆ. ಆಗ ಮೊದಲು ಎಕ್ಸ್‌ಪಾನ್ಶನ್ ವಾಲ್ವ್‌ನ ಸೂಪರ್‌ಹೀಟ್ (ಕುದಿದು ಮುಗಿದ ಮೇಲೆ ಗ್ಯಾಸ್ ಇನ್ನೆಷ್ಟು ಡಿಗ್ರಿ ಬೆಚ್ಚಗಾಗುತ್ತದೆ ಎನ್ನುವುದು) ಸರಿ ಮಾಡಿ, ನಂತರ ರೆಗ್ಯುಲೇಟರ್‌ಗೆ ಬನ್ನಿ. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ.

ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ತೆರೆಯುತ್ತಲೇ ಇಲ್ಲ. ಎಲ್ಲಿಂದ ಹುಡುಕಲಿ?

ಮುಚ್ಚದಿದ್ದರೆ ಕೈಯಿಂದ ತೆರೆಯುವ ಸ್ಪಿಂಡಲ್, ಸೀಟ್‌ನಲ್ಲಿ ಸಿಕ್ಕಿದ ವೆಲ್ಡಿಂಗ್ ಚೂರು, ಪೈಲಟ್ ಸೀಟ್‌ನ ಕೊಳೆ, ಪಿಸ್ಟನ್‌ನ ಗ್ಯಾಸ್ ಹೊರಹೋಗುವ ಸಣ್ಣ ತೂತು ಕಟ್ಟಿರುವುದು, ಈ ಕ್ರಮದಲ್ಲಿ ನೋಡಿ. ತೆರೆಯದಿದ್ದರೆ ಪೈಲಟ್‌ಗೆ ಗ್ಯಾಸ್ ಬರುವ ದಾರಿಯ ಜಾಲರಿ, ಸುಟ್ಟ ಸೊಲೆನಾಯ್ಡ್ ಕಾಯಿಲ್, ಹರಿದ ಡಯಾಫ್ರಮ್ ನೋಡಿ. ಅರ್ಧ ಮಾತ್ರ ತೆರೆಯುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ತಣ್ಣನೆಯ ಗಟ್ಟಿ ಎಣ್ಣೆ ಪಿಸ್ಟನ್ ಅನ್ನು ಹಿಡಿದುಕೊಳ್ಳುವುದೂ ಇದೆ. ಹಾಗಿದ್ದರೆ ವಾಲ್ವ್ ಸ್ವಚ್ಛ ಮಾಡಿದರಷ್ಟೇ ಸಾಲದು, ಎಣ್ಣೆ ಅಲ್ಲಿಗೆ ಯಾಕೆ ಬಂತು ಎಂದು ಆಯಿಲ್ ಸೆಪರೇಟರ್ ಕಡೆ ಹೋಗಬೇಕು.

ರಿಪೇರಿಗೆ ಬಿಚ್ಚುವಾಗ ಏನು ಅಪಾಯ?

ಎರಡು ಮುಚ್ಚಿದ ವಾಲ್ವ್‌ಗಳ ನಡುವೆ ತಣ್ಣನೆಯ ದ್ರವ ಸಿಕ್ಕಿಕೊಳ್ಳುವುದು. ಪೈಪ್ ತುಂಬ ಇರುವ ದ್ರವ ಬೆಚ್ಚಗಾದಾಗ ಹಿಗ್ಗಲು ಜಾಗವಿಲ್ಲದೆ ಲೋಹವನ್ನೇ ಸೀಳುತ್ತದೆ. ಹಾಗಾಗಿ ಮೊದಲು ದ್ರವ ಬರುವ ಕಡೆಯ ಸ್ಟಾಪ್ ವಾಲ್ವ್ ಮುಚ್ಚಿ. ರೆಗ್ಯುಲೇಟರ್ ತೆರೆದಿಟ್ಟು ಒಳಗಿನದು ಕುದಿದು ಸಕ್ಷನ್‌ಗೆ ಹೋಗಲಿ. ಒತ್ತಡ ಇಳಿದು ಮತ್ತೆ ಏರುತ್ತಿಲ್ಲ ಎಂದು ಗೇಜ್‌ನಲ್ಲಿ ನೋಡಿ, ಆಮೇಲೆ ಇನ್ನೊಂದು ವಾಲ್ವ್ ಮುಚ್ಚಿ. ಒತ್ತಡ ನಿಧಾನವಾಗಿ ಏರುತ್ತಿದ್ದರೆ ಒಳಗೆ ಇನ್ನೂ ದ್ರವವಿದೆ.

ಬೋಲ್ಟ್‌ಗಳನ್ನು ನಿಮ್ಮಿಂದ ದೂರದ ಬದಿಯಲ್ಲಿ ಮೊದಲು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಮಾಸ್ಕ್, ಕೈಗವಸು, ಕನ್ನಡಕ ಮೈಮೇಲಿರಬೇಕು. ಹತ್ತಿರ ಇನ್ನೊಬ್ಬರು ಇರಬೇಕು. ಗಾಳಿಯಲ್ಲಿ ಅಮೋನಿಯಾ 300 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಇರುವ ಮಟ್ಟವನ್ನೇ ಪ್ರಾಣಕ್ಕೆ ತಕ್ಷಣದ ಅಪಾಯ ಎಂದು ಗುರುತಿಸಲಾಗಿದೆ.

ಆರ್407ಸಿಯಂಥ ಮಿಶ್ರಣ, ಕಾರ್ಬನ್ ಡೈಆಕ್ಸೈಡ್ ಇದ್ದರೆ ಏನಾದರೂ ಬದಲಾಗುತ್ತದೆಯೇ?

ಮಿಶ್ರಣಗಳು ಒಂದೇ ತಾಪಮಾನದಲ್ಲಿ ಕುದಿಯುವುದಿಲ್ಲ. ಆರ್407ಸಿಯಲ್ಲಿ ಶುರುವಿಗೂ ಕೊನೆಗೂ ಸುಮಾರು 6 ಡಿಗ್ರಿ ಅಂತರವಿದೆ. ಟೇಬಲ್‌ನಲ್ಲಿ ಎರಡು ಕಾಲಂ ಇರುವುದು ಅದಕ್ಕೇ. ಸೂಪರ್‌ಹೀಟ್ ಅಳೆಯಲು ಡ್ಯೂ ಪಾಯಿಂಟ್ (ಕುದಿಯುವುದು ಮುಗಿಯುವ ತಾಪಮಾನ) ಕಾಲಂ ಬಳಸಿ. ಕಾಯಿಲ್‌ನ ಸರಾಸರಿ ತಾಪಮಾನ ಅದಕ್ಕಿಂತ ಸ್ವಲ್ಪ ಕೆಳಗಿರುತ್ತದೆ ಎನ್ನುವುದು ಲೆಕ್ಕದಲ್ಲಿರಲಿ.

ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅಂಕಿಗಳೇ ಬೇರೆ ಲೋಕದವು. 0 ಡಿಗ್ರಿಯಲ್ಲೇ ಸುಮಾರು 35 ಬಾರ್ ಅಬ್ಸಲ್ಯೂಟ್. 31 ಡಿಗ್ರಿ ದಾಟಿದರೆ ಅದು ದ್ರವವಾಗುವುದೇ ಇಲ್ಲ. ಆಗ ಗ್ಯಾಸ್ ಕೂಲರ್ (ಕಂಡೆನ್ಸರ್ ಜಾಗದಲ್ಲಿ ಗ್ಯಾಸ್ ತಣಿಸುವ ಭಾಗ) ಒತ್ತಡವನ್ನು ಒಂದು ಹೈ ಪ್ರೆಶರ್ ವಾಲ್ವ್, ರಿಸೀವರ್ ಒತ್ತಡವನ್ನು ಇನ್ನೊಂದು ವಾಲ್ವ್ ನೋಡಿಕೊಳ್ಳುತ್ತವೆ. ಒತ್ತಡ 5.2 ಬಾರ್ ಅಬ್ಸಲ್ಯೂಟ್‌ಗಿಂತ ಇಳಿದರೆ ದ್ರವ ಗಟ್ಟಿಯಾಗಿ ಡ್ರೈ ಐಸ್ ಆಗಿ ದಾರಿ ಕಟ್ಟುತ್ತದೆ. ಇಲ್ಲಿ ಅಮೋನಿಯಾದ ಅಂದಾಜು ನಡೆಯದು.

ರೆಗ್ಯುಲೇಟರ್ ಇದೆಯಲ್ಲ, ಸೇಫ್ಟಿ ವಾಲ್ವ್ ಯಾಕೆ?

ರೆಗ್ಯುಲೇಟರ್ ಸಿಕ್ಕಿಕೊಳ್ಳಬಹುದು, ಮುಚ್ಚಿಯೇ ನಿಲ್ಲಬಹುದು. ಅದು ಒತ್ತಡ ಹೊಂದಿಸುವ ಸಾಧನ, ಪಾತ್ರೆ ಒಡೆಯದಂತೆ ಕಾಯುವ ಸಾಧನ ಅಲ್ಲ. ಸೇಫ್ಟಿ ವಾಲ್ವ್ ಬೇರೆಯೇ ಇರಬೇಕು. ಅದರ ದಾರಿ ಎಂದೂ ಮುಚ್ಚಿರಬಾರದು.

ಎಷ್ಟು ದಿನಕ್ಕೊಮ್ಮೆ ಸೆಟ್ಟಿಂಗ್ ನೋಡಬೇಕು?

ಹೊಸದಾಗಿ ಶುರುವಾದ ಪ್ಲಾಂಟ್‌ನಲ್ಲಿ ಮೊದಲ ವಾರ ದಿನಾ ನೋಡಿ, ಸ್ಟ್ರೇನರ್ ತೊಳೆಯಿರಿ. ಆಮೇಲೆ ಋತು ಬದಲಾದಾಗ, ಲೋಡ್ ಬದಲಾದಾಗ, ಗೇಜ್ ಬದಲಿಸಿದಾಗ ನೋಡಿ. ಪ್ರತಿ ವಾಲ್ವ್‌ಗೆ ಒಂದು ಚೀಟಿ ಕಟ್ಟಿ: ಯಾವ ಒತ್ತಡಕ್ಕೆ ಸೆಟ್ ಆಗಿದೆ, ಯಾವ ದಿನ, ಯಾರು ಮಾಡಿದ್ದು, ಲಾಕ್ ನಟ್ ಮೇಲೆ ಸ್ಕ್ರೂ ಎಷ್ಟು ಉದ್ದ ಕಾಣುತ್ತಿತ್ತು. ರಾತ್ರಿ ಪಾಳಿಯಲ್ಲಿ ಯಾರೋ ತಿರುಗಿಸಿದ್ದರೆ ಆ ಉದ್ದವನ್ನು ಅಳೆದ ಕೂಡಲೇ ಗೊತ್ತಾಗುತ್ತದೆ.